ಅಳಿಸಿದ ಬರಹದ ಗುರುತು: ಅಂತರ್ಜಾಲದ ನಿರ್ಬಂಧಾಜ್ಞೆಗಳನ್ನು ಕುರಿತು ಒಂದು ವಿಮರ್ಶೆ

೧

ಶಾಸನಗಳನ್ನು ಸಂಪಾದಿಸಿ ಪ್ರಕಟಿಸುವವರಲ್ಲಿ ಒಂದು ಸಂಪ್ರದಾಯವುಂಟು. ಕಲ್ಲಿನ ಮೇಲಣ ಅಕ್ಷರಗಳು ಮಳೆಗಾಳಿಗಳಿಂದ ಸವೆದಿರಲಿ, ಯಾರಾದರೂ ಬೇಕೆಂದೇ ಉಳಿಯಿಂದ ಕೆತ್ತಿ ತೆಗೆದಿರಲಿ, ಅಚ್ಚಿನಲ್ಲಿ ಆ ಸ್ಥಳವನ್ನು ಚುಕ್ಕೆಗಳಿಂದ ಗುರುತಿಸುತ್ತಾರೆ. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ಎಂದರೆ ಇಂದಿನ ಕನಕಪುರ, ಈ ತಾಲ್ಲೂಕುಗಳ ಶಾಸನಗಳು ಸೇರಿವೆ. ಆ ಪುಟಗಳನ್ನು ತಿರುವುವವರಿಗೆ ಇಂತಹ ಚುಕ್ಕೆಗಳು ಅಪರಿಚಿತವಲ್ಲ. ಏನು ಹೋಯಿತೆಂಬುದು ತಿಳಿಯದಿದ್ದರೂ ಎಲ್ಲಿ ಹೋಯಿತು, ಎಷ್ಟು ಹೋಯಿತು ಎಂಬುದು ತಿಳಿಯುತ್ತದೆ. ತ್ರುಟಿತವಾದ ಶಾಸನವೂ ಆಕರವೇ. ಇತಿಹಾಸಕಾರನು ಅದರ ಮೇಲೆ ಊಹೆ ಮಾಡಬಹುದು, ಆ ಊಹೆಯನ್ನು ಮತ್ತೊಬ್ಬನು ಖಂಡಿಸಬಹುದು.

ಈಗ ನಾವು ವಿಮರ್ಶಿಸಲು ಹೊರಟಿರುವುದು ಅಂತರ್ಜಾಲದ ಮೇಲೆ ಸರ್ಕಾರಗಳು ಹೊರಡಿಸುವ ನಿರ್ಬಂಧಾಜ್ಞೆಗಳನ್ನು. ಈ ವಿಷಯವು ಕಾನೂನಿನ ಪಂಡಿತರಿಗೆ ಸೇರಿದ್ದೆಂದು ಕೆಲವರು ಹೇಳಬಹುದು. ನಮ್ಮ ಆಸಕ್ತಿಯಾದರೋ ಬೇರೆಯದು. ನಾಳೆ ಈ ಕಾಲದ ಇತಿಹಾಸವನ್ನು ಬರೆಯುವವನಿಗೆ ಅಳಿಸಿದ ಬರಹದ ಗುರುತು ದೊರೆಯುವುದೇ? ಈ ಪ್ರಶ್ನೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಕೊಲ್ಲಿ ರಾಷ್ಟ್ರಗಳ ಪದ್ಧತಿ, ಹಳೆಯ ಮೈಸೂರು ಸಂಸ್ಥಾನದ ಪತ್ರಿಕಾ ಕಾಯಿದೆ, ತುರ್ತುಪರಿಸ್ಥಿತಿಯ ಸೆನ್ಸಾರ್, ಇಂದಿನ ಭಾರತದ ನಿಯಮಗಳು, ಇವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಪ್ರಶ್ನೆಯು ಕೇವಲ ತಾತ್ತ್ವಿಕವಾದುದಲ್ಲ. ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಪಡೆದ ನಮ್ಮ ತಾಲ್ಲೂಕುಗಳ ಸಮೀಪಕಾಲದ ಇತಿಹಾಸವು ಬಹುಮಟ್ಟಿಗೆ ಕಾಗದದ ಮೇಲಿಲ್ಲ. ೨೦೨೨ರ ಆಗಸ್ಟ್ ತಿಂಗಳ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯು ಜಲಾವೃತವಾದಾಗ, ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಜನರು ಮೊಬೈಲ್‌ಗಳಲ್ಲಿ ಚಿತ್ರಿಸಿ ಅಂತರ್ಜಾಲದಲ್ಲಿ ಹಂಚಿಕೊಂಡರು. ಗ್ರಾಮಸಭೆಯ ಜಗಳ, ಕೆರೆಯ ಒತ್ತುವರಿ, ರೇಷ್ಮೆಗೂಡಿನ ಬೆಲೆ ಕುಸಿದಾಗಿನ ಪ್ರತಿಭಟನೆ, ಇವೆಲ್ಲಕ್ಕೂ ಸಾಕ್ಷ್ಯವೀಗ ಅಲ್ಲಿಯೇ ಇರುತ್ತದೆ. ಆ ಸಾಕ್ಷ್ಯದ ಒಂದು ಭಾಗವು ಮಾಯವಾದರೆ ಅದು ಮಾಯವಾಯಿತೆಂಬುದಾದರೂ ತಿಳಿಯಬೇಡವೆ?

೨

ಅಂತರ್ಜಾಲದ ನಿರ್ಬಂಧವೆಂದೊಡನೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ಚೀನ ಮತ್ತು ಕೊಲ್ಲಿ ರಾಷ್ಟ್ರಗಳು. ಕರಾವಳಿಯ ಮನೆಗಳಿಗೆ ಈ ಎರಡನೆಯದರ ಪರಿಚಯವು ಪುಸ್ತಕದಿಂದ ಬಂದದ್ದಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ವಾಟ್ಸಾಪ್ ಮೂಲಕ ಮಾತನಾಡುವುದಕ್ಕೆ ಬಹುಕಾಲದಿಂದ ಅಡ್ಡಿಯಿದ್ದು, ಪರವಾನಗಿ ಪಡೆದ ಬೇರೆ ಸಾಧನಗಳ ಮೂಲಕವೇ ದುಬೈಯಲ್ಲಿರುವವರು ಊರಿನವರೊಡನೆ ಮುಖ ನೋಡಿ ಮಾತನಾಡಬೇಕಾಗಿ ಬಂದುದು ಅವರೆಲ್ಲರಿಗೂ ಗೊತ್ತು. ಸೌದಿ ಅರೇಬಿಯದಲ್ಲಿ ಇಂತಹ ಕರೆಗಳ ಮೇಲಿನ ನಿಷೇಧವನ್ನು ೨೦೧೭ರ ಸೆಪ್ಟೆಂಬರಿನಲ್ಲಿ ಸಡಿಲಿಸಲಾಯಿತು.

ಸೌದಿ ಅರೇಬಿಯದ ಸಾರ್ವಜನಿಕರಿಗೆ ಅಂತರ್ಜಾಲವು ದೊರೆತದ್ದು ೧೯೯೯ರಲ್ಲಿ. ಮೊದಮೊದಲು ದೇಶದೊಳಕ್ಕೆ ಬರುವ ಸಮಸ್ತ ಸಂಪರ್ಕವೂ ರಿಯಾದಿನ ಕಿಂಗ್ ಅಬ್ದುಲ್ ಅಜೀಜ್ ವಿಜ್ಞಾನ ಮತ್ತು ತಂತ್ರಜ್ಞಾನ ನಗರವೆಂಬ ಸರ್ಕಾರಿ ಸಂಸ್ಥೆಯ ಮೂಲಕ ಹಾದುಹೋಗಬೇಕಾಗಿದ್ದಿತು. ನಿಷಿದ್ಧವಾದ ಪುಟವನ್ನು ಯಾರಾದರೂ ಕೇಳಿದರೆ ಅದರ ಬದಲು ಮತ್ತೊಂದು ಪುಟವು ತೆರೆದುಕೊಂಡು, ಕೇಳಿದ ಪುಟಕ್ಕೆ ಪ್ರವೇಶವಿಲ್ಲವೆಂದು ತಿಳಿಸುತ್ತಿತ್ತು. ನಿರ್ಬಂಧವನ್ನು ತೆಗೆಯಬೇಕೆಂದು ಕೋರುವವರಿಗೆ ಅಲ್ಲಿಯೇ ಒಂದು ಅರ್ಜಿಯ ನಮೂನೆಯೂ ಇರುತ್ತಿತ್ತು. ಈ ವ್ಯವಸ್ಥೆ ಹೀಗಿದ್ದುದರಿಂದಲೇ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು, ಜೊನಾಥನ್ ಜಿಟ್ರೇನ್ ಮತ್ತು ಬೆಂಜಮಿನ್ ಎಡೆಲ್‌ಮನ್, ೨೦೦೨ರಲ್ಲಿ ಸುಮಾರು ೬೪,೦೦೦ ಪುಟಗಳನ್ನು ಪರೀಕ್ಷಿಸಿ ಅವುಗಳಲ್ಲಿ ೨,೦೦೦ಕ್ಕೂ ಹೆಚ್ಚಿನವು ನಿರ್ಬಂಧಕ್ಕೊಳಗಾಗಿವೆಯೆಂದು ಪಟ್ಟಿ ಮಾಡಲು ಸಾಧ್ಯವಾಯಿತು. ತಡೆಯುವವನು ತಾನು ತಡೆದೆನೆಂದು ಹೇಳಿದ್ದರಿಂದ ಎಣಿಸುವವನಿಗೆ ಎಣಿಕೆ ಸಿಕ್ಕಿತು.

ಇಷ್ಟರಿಂದ ಕೊಲ್ಲಿ ರಾಷ್ಟ್ರಗಳ ಪದ್ಧತಿ ಮೃದುವಾದುದೆಂದು ಯಾರೂ ಭಾವಿಸಬಾರದು. ೨೦೦೭ರ ಸೌದಿ ಸೈಬರ್ ಅಪರಾಧ ವಿರೋಧಿ ಕಾನೂನಿನ ಆರನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆಗೆ, ಧಾರ್ಮಿಕ ಮೌಲ್ಯಗಳಿಗೆ, ನೀತಿಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷದವರೆಗೆ ಸೆರೆಯನ್ನೂ ಮೂವತ್ತು ಲಕ್ಷ ರಿಯಾಲ್‌ಗಳವರೆಗೆ ದಂಡವನ್ನೂ ವಿಧಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನಗಳು ೨೦೨೧ರಲ್ಲಿ ವದಂತಿ ಮತ್ತು ಸೈಬರ್ ಅಪರಾಧಗಳನ್ನು ಕುರಿತು ಹೊಸ ಕಾನೂನನ್ನು ರಚಿಸಿ ೨೦೨೨ರ ಜನವರಿಯಿಂದ ಜಾರಿಗೆ ತಂದವು. ಇಂತಹ ಕಾನೂನುಗಳ ಮಾತುಗಳು ವಿಶಾಲವಾಗಿರುವುದರಿಂದ ಯಾವ ಬರಹವು ಒಳಗೆ, ಯಾವುದು ಹೊರಗೆ ಎಂಬುದನ್ನು ಓದುಗನು ಮೊದಲೇ ನಿರ್ಣಯಿಸಲಾರ.

ಕನ್ನಡನಾಡಿನ ಕರಾವಳಿಯ ಇಬ್ಬರು ಕಾರ್ಮಿಕರ ಅನುಭವವನ್ನು ಇಲ್ಲಿ ಗಮನಿಸುವುದು ಯುಕ್ತ. ಒಬ್ಬಾತನನ್ನು ೨೦೧೯ರ ಡಿಸೆಂಬರಿನಲ್ಲಿ ಸೌದಿ ಅರೇಬಿಯದಲ್ಲಿ ಬಂಧಿಸಲಾಯಿತು. ಅವನ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಅಲ್ಲಿನ ದೊರೆತನವನ್ನೂ ಧರ್ಮವನ್ನೂ ನಿಂದಿಸುವ ಬರಹಗಳಿದ್ದುವೆಂಬುದು ಆರೋಪ. ಉಡುಪಿ ಜಿಲ್ಲೆಯ ಪೊಲೀಸರು ತನಿಖೆ ನಡೆಸಿ, ಆ ಖಾತೆಯನ್ನು ಸೃಷ್ಟಿಸಿದವರು ಬೇರೆಯವರೆಂದು ಕಂಡುಕೊಂಡರು. ಆತನು ೨೦೨೧ರ ಆಗಸ್ಟಿನಲ್ಲಿ ಊರಿಗೆ ಮರಳಿದನು. ಮತ್ತೊಬ್ಬನು ಇಂತಹುದೇ ಆರೋಪದ ಮೇಲೆ ಅಲ್ಲಿ ದೀರ್ಘ ಸೆರೆವಾಸದ ಶಿಕ್ಷೆಗೆ ಗುರಿಯಾದನು. ಖಾತೆಯು ನಕಲಿಯೆಂದು ಹೇಳಿ ಅವನ ಪತ್ನಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕಳು. ೨೦೨೩ರ ಜೂನಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ಕಿನ ಕಾರ್ಯಾಚರಣೆಯನ್ನೇ ನಿಲ್ಲಿಸಲು ಆದೇಶಿಸುವುದನ್ನು ಆಲೋಚಿಸಬೇಕಾಗುವುದೆಂದು ಎಚ್ಚರಿಸಿದರು.

ಈ ಎರಡು ಪ್ರಸಂಗಗಳಿಂದ ಏಳುವ ತಾತ್ಪರ್ಯ ಒಂದೇ. ಖಾತೆಯನ್ನು ಯಾರು, ಯಾವ ದಿನ, ಎಲ್ಲಿಂದ ತೆರೆದರೆಂಬ ದಾಖಲೆ ಕೈಗೆ ಸಿಕ್ಕಲ್ಲಿ ಸತ್ಯವು ಹೊರಬಂದಿತು. ಸಿಗದಿದ್ದಲ್ಲಿ ಒಂದು ಸಂಸಾರವು ವರ್ಷಗಟ್ಟಲೆ ನ್ಯಾಯಾಲಯದ ಬಾಗಿಲಲ್ಲಿ ನಿಂತಿತು. ದಾಖಲೆಯೆಂಬುದು ಇತಿಹಾಸಕಾರನ ಹವ್ಯಾಸಕ್ಕೆ ಮಾತ್ರ ಬೇಕಾದ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೩

ಇನ್ನು ನಮ್ಮ ನಾಡಿನ ಹಳೆಯ ಪದ್ಧತಿಯನ್ನು ನೋಡೋಣ. ದಿವಾನ್ ವಿ. ಪಿ. ಮಾಧವರಾಯರ ಅಧಿಕಾರಾವಧಿಯಲ್ಲಿ, ೧೯೦೮ರಲ್ಲಿ, ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳನ್ನು ಕುರಿತು ಒಂದು ಕಾಯಿದೆಯನ್ನು ಜಾರಿಗೆ ತಂದಿತು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಸಂಸ್ಥಾನದಲ್ಲಿ ಯಾರೂ ಪತ್ರಿಕೆಯನ್ನು ಹೊರಡಿಸಕೂಡದೆಂಬುದು ಅದರ ಸಾರ. ಅದೇ ವರ್ಷ ಬ್ರಿಟಿಷ್ ಇಂಡಿಯದಲ್ಲಿಯೂ ಅಪರಾಧ ಪ್ರಚೋದನೆಯ ಹೆಸರಿನಲ್ಲಿ ಪತ್ರಿಕೆಗಳ ಮೇಲೆ ಒಂದು ಕಾನೂನು ಬಂದಿತು. ೧೯೧೦ರ ಪ್ರೆಸ್ ಆಕ್ಟ್ ಅದನ್ನು ಹಿಂಬಾಲಿಸಿತು. ವಂಗಭಂಗದ ನಂತರದ ಕಳವಳದ ಆ ವರ್ಷಗಳಲ್ಲಿ ಸಂಸ್ಥಾನವೂ ಅದೇ ದಾರಿಯನ್ನು ಹಿಡಿಯಿತು. ಆದರೆ ಮೈಸೂರಿನ ಕಾಯಿದೆಯು ಅನುಮತಿಯನ್ನೇ ಆಧಾರವಾಗಿ ಇಟ್ಟುಕೊಂಡುದರಿಂದ ಪತ್ರಿಕೆಯ ಹುಟ್ಟೇ ಸರ್ಕಾರದ ಕೃಪೆಗೆ ಅಧೀನವಾಯಿತು.

ಮೈಸೂರಿನಲ್ಲಿ ‘ತಾತಯ್ಯ’ನವರೆಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಟ್ಟರು. ಅನುಮತಿಯನ್ನು ಬೇಡಿ ಬರೆಯುವುದಕ್ಕಿಂತ ಬರೆಯದಿರುವುದು ಮೇಲೆಂಬ ನಿಲುವು ಅದರಲ್ಲಿ ವ್ಯಕ್ತವಾಗಿದೆ. ಈ ಕಾಯಿದೆಯನ್ನು ನಾವು ಸಮರ್ಥಿಸುವುದಿಲ್ಲ. ಅದು ದಮನದ ಕಾಯಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ನಮ್ಮ ಅಳತೆಗೋಲನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಅಂಶವು ಸ್ಪಷ್ಟವಾಗುತ್ತದೆ. ಕಾಯಿದೆಯು ಅಚ್ಚಾಗಿದೆ. ಅದನ್ನು ತಂದ ದಿವಾನರ ಹೆಸರು ಗೊತ್ತಿದೆ. ನಿಂತ ಪತ್ರಿಕೆಯ ಹೆಸರೂ, ನಿಲ್ಲಿಸಿದವರ ಹೆಸರೂ, ನಿಲ್ಲಿಸಿದ ಕಾರಣವೂ ಗೊತ್ತಿವೆ. ನೂರು ವರ್ಷಗಳ ಮೇಲೆ ನಾವು ಮಾಧವರಾಯರನ್ನು ಖಂಡಿಸಲೂ ತಾತಯ್ಯನವರನ್ನು ಗೌರವಿಸಲೂ ಶಕ್ತರಾಗಿರುವುದು ಈ ಕಾರಣದಿಂದ. ಅಂದಿನ ಸರ್ಕಾರವು ಬಾಯನ್ನು ಕಟ್ಟಿತು. ತಾನು ಕಟ್ಟಿದೆನೆಂಬುದನ್ನು ಮರೆಮಾಚಲಿಲ್ಲ.

ಆ ಕಾಯಿದೆಯು ಬಂದ ೧೯೦೮ರಲ್ಲಿಯೇ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಕೆಂಗಲ್ ಹನುಮಂತಯ್ಯನವರು ಹುಟ್ಟಿದರೆಂಬುದು ಕಾಕತಾಳೀಯವಿರಬಹುದು. ಮುಂದೆ ಅವರು ಮೈಸೂರಿನ ಪ್ರತಿನಿಧಿಯಾಗಿ ಸಂವಿಧಾನ ರಚನಾ ಸಭೆಯಲ್ಲಿ ಕುಳಿತರು. ಆ ಸಭೆಯು ರಚಿಸಿದ ಸಂವಿಧಾನದ ೧೯ನೆಯ ವಿಧಿಯು ಮಾತಿನ ಸ್ವಾತಂತ್ರ್ಯವನ್ನು ಹಕ್ಕನ್ನಾಗಿ ಮಾಡಿತು. ೧೯೫೧ರ ಮೊದಲನೆಯ ತಿದ್ದುಪಡಿಯು ನಿರ್ಬಂಧಕ್ಕೆ ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳೊಡನೆ ಸ್ನೇಹಸಂಬಂಧ, ಅಪರಾಧ ಪ್ರಚೋದನೆ ಎಂಬ ಆಧಾರಗಳನ್ನು ಸೇರಿಸಿತಾದರೂ, ನಿರ್ಬಂಧವು ಯುಕ್ತವಾಗಿರಬೇಕೆಂಬ ಮಾತನ್ನೂ ಸೇರಿಸಿತು. ಯುಕ್ತವೋ ಅಯುಕ್ತವೋ ಎಂಬುದನ್ನು ತೂಗಬೇಕಾದರೆ ನಿರ್ಬಂಧವು ಯಾವುದೆಂದು ಮೊದಲು ತಿಳಿದಿರಬೇಕು. ಮುಂದಿನ ವಿಚಾರಕ್ಕೆ ಈ ಮಾತನ್ನು ನೆನಪಿನಲ್ಲಿಡಬೇಕು.

೪

ಎರಡನೆಯ ನಿದರ್ಶನವನ್ನು ನಮ್ಮ ಬೆಟ್ಟಗಳ ನಡುವಿನಿಂದಲೇ ಆರಿಸಿಕೊಳ್ಳುತ್ತೇವೆ. ೧೯೭೩ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು ರಾಮನಗರದ ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿಸಿ ‘ಶೋಲೆ’ ಚಿತ್ರದ ಚಿತ್ರೀಕರಣವನ್ನು ಆರಂಭಿಸಿದರು. ಚಿತ್ರವು ೧೯೭೫ರ ಆಗಸ್ಟ್ ೧೫ರಂದು ಬಿಡುಗಡೆಯಾಯಿತು. ಅದಕ್ಕೆ ಎರಡು ತಿಂಗಳು ತುಂಬುವ ಮೊದಲೇ, ಜೂನ್ ೨೫ರಂದು, ತುರ್ತುಪರಿಸ್ಥಿತಿಯು ಘೋಷಿತವಾಗಿದ್ದಿತು. ಮೂಲ ಚಿತ್ರದ ಕೊನೆಯಲ್ಲಿ ಕೈಗಳನ್ನು ಕಳೆದುಕೊಂಡ ಠಾಕೂರನು ಗಬ್ಬರ್ ಸಿಂಗನನ್ನು ಕಾಲಿನಿಂದಲೇ ತುಳಿದು ಕೊಲ್ಲುತ್ತಾನೆ. ಪೊಲೀಸು ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆತ್ತಿಕೊಳ್ಳುವುದು ಸೆನ್ಸಾರ್ ಮಂಡಲಿಗೆ ಸಮ್ಮತವಾಗಲಿಲ್ಲ. ಕೊನೆಯ ಭಾಗವನ್ನು ಮತ್ತೊಮ್ಮೆ ಚಿತ್ರಿಸಬೇಕಾಯಿತು. ಹೊಸ ಮುಕ್ತಾಯದಲ್ಲಿ ಪೊಲೀಸರು ಸಕಾಲದಲ್ಲಿ ಬಂದು ತಡೆಯುತ್ತಾರೆ. ಲಕ್ಷಾಂತರ ಜನರು ನೋಡಿದ್ದು ಇದನ್ನೇ.

ಕಥೆಯ ನೀತಿಯನ್ನೇ ತಿರುಗಿಸಿದ ಈ ಬದಲಾವಣೆ ಸಣ್ಣದಲ್ಲ. ಆದರೆ ತೆಗೆದ ಭಾಗದ ಸುರುಳಿಗಳು ನಾಶವಾಗಲಿಲ್ಲ. ಮೊದಲಿನ ಮುಕ್ತಾಯವನ್ನು ಕುರಿತು ನಿರ್ದೇಶಕರೂ ನಟರೂ ಬಹಿರಂಗವಾಗಿ ಮಾತನಾಡಿದರು. ಐವತ್ತು ವರ್ಷಗಳ ಬಳಿಕ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ಚಿತ್ರವನ್ನು ಜೀರ್ಣೋದ್ಧಾರ ಮಾಡಿ, ಮೂಲ ಮುಕ್ತಾಯದೊಡನೆ ೨೦೨೫ರ ಜೂನಿನಲ್ಲಿ ಇಟಲಿಯ ಬೊಲೋನ್ಯದ ಉತ್ಸವದಲ್ಲಿ ಪ್ರದರ್ಶನಕ್ಕೆ ಒದಗಿಸಿತು. ಇಂದು ವಿಮರ್ಶಕನು ಎರಡು ಪಾಠಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ೧೯೭೫ರ ಸರ್ಕಾರಕ್ಕೆ ಯಾವುದರ ಭಯವಿತ್ತೆಂಬುದನ್ನು ನಿಷ್ಕರ್ಷಿಸಬಹುದು. ಕತ್ತರಿಯ ಗುರುತೇ ಆ ಕಾಲವನ್ನು ಅರಿಯಲು ಆಕರವಾಯಿತು.

ಅದೇ ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ೧೯೭೫ರ ಜೂನ್ ೨೮ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯು ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟಿತು. ಆ ಬಿಳಿಯ ಚೌಕವು ಶಾಸನದ ಚುಕ್ಕೆಗಳ ಕೆಲಸವನ್ನೇ ಮಾಡಿತು. ಇಲ್ಲಿ ಏನೋ ಇದ್ದಿತು, ಈಗ ಇಲ್ಲ ಎಂದು ಓದುಗನಿಗೆ ಸಾರಿತು. ಆ ಮೇಲೆ ಸೆನ್ಸಾರ್ ಅಧಿಕಾರಿಗಳು ಖಾಲಿ ಸ್ಥಳವನ್ನು ಬಿಡುವುದನ್ನೂ ನಿಷೇಧಿಸಿದರು. ಈ ಎರಡನೆಯ ನಿಷೇಧವು ಮೊದಲನೆಯದಕ್ಕಿಂತ ಹೆಚ್ಚು ಅರ್ಥವತ್ತಾದುದೆಂದು ನಮ್ಮ ಅಭಿಪ್ರಾಯ. ಬರಹವನ್ನು ಅಳಿಸಿದರೆ ಸಾಲದು, ಅಳಿಸಿದ ಗುರುತನ್ನೂ ಅಳಿಸಬೇಕೆಂಬುದು ಆಡಳಿತಕ್ಕೆ ಆಗ ಹೊಳೆಯಿತು. ಆದರೆ ತುರ್ತುಪರಿಸ್ಥಿತಿಯು ೧೯೭೭ರಲ್ಲಿ ಮುಗಿಯಿತು. ಅದರೊಂದಿಗೆ ಆ ನಿಯಮವೂ ಹೋಯಿತು.

೫

ಈಗ ಇಂದಿನ ನಿಯಮಗಳಿಗೆ ಬರೋಣ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರ ತಿದ್ದುಪಡಿಯಿಂದ ೬೯ಎ ಎಂಬ ಪ್ರಕರಣವು ಸೇರಿತು. ದೇಶದ ಸಾರ್ವಭೌಮತೆ, ರಕ್ಷಣೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಆಧಾರಗಳ ಮೇಲೆ ಕೇಂದ್ರಸರ್ಕಾರವು ಅಂತರ್ಜಾಲದ ಯಾವುದೇ ಮಾಹಿತಿಯನ್ನು ಸಾರ್ವಜನಿಕರಿಗೆ ಸಿಗದಂತೆ ತಡೆಯಬಹುದು. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಇದನ್ನು ನಡೆಸುವ ಕ್ರಮವನ್ನು ೨೦೦೯ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ನಿಯಮಗಳು ಹೇಳುತ್ತವೆ. ಅಧಿಕಾರಿಗಳ ಸಮಿತಿ, ನೋಟೀಸು, ತುರ್ತುಸಂದರ್ಭದ ವಿಧಾನ, ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಪುನರ್ವಿಮರ್ಶಾ ಸಮಿತಿ, ಇವೆಲ್ಲವೂ ಅಲ್ಲಿವೆ. ಕಾಗದದ ಮೇಲೆ ಇದು ೧೯೦೮ರ ಕಾಯಿದೆಗಿಂತ ಎಷ್ಟೋ ಸುಧಾರಿಸಿದ ವ್ಯವಸ್ಥೆ.

ಆದರೆ ಅದೇ ನಿಯಮಾವಳಿಯ ೧೬ನೆಯ ನಿಯಮವು, ಬಂದ ಕೋರಿಕೆಗಳನ್ನೂ ಕೈಗೊಂಡ ಕ್ರಮಗಳನ್ನೂ ಕಟ್ಟುನಿಟ್ಟಾಗಿ ಗೋಪ್ಯವಾಗಿ ಇಡಬೇಕೆಂದು ವಿಧಿಸುತ್ತದೆ. ಕಾರಣವನ್ನು ಬರೆದಿಡಬೇಕೆಂದು ಕಾಯಿದೆಯು ಹೇಳಿದರೆ, ಬರೆದುದನ್ನು ತೋರಿಸಕೂಡದೆಂದು ನಿಯಮವು ಹೇಳುತ್ತದೆ. ೨೦೧೫ರ ಮಾರ್ಚ್ ೨೪ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೬೬ಎ ಪ್ರಕರಣವನ್ನು ರದ್ದುಗೊಳಿಸಿ, ೬೯ಎ ಪ್ರಕರಣವನ್ನು ಮಾತ್ರ ಎತ್ತಿಹಿಡಿಯಿತು. ಎತ್ತಿಹಿಡಿದುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಹೀಗಿದೆ: ಆಜ್ಞೆಯಲ್ಲಿ ಕಾರಣಗಳನ್ನು ಬರೆಯಬೇಕಾಗಿರುವುದರಿಂದ ಅದನ್ನು ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು. ಕಾಣದ ಆಜ್ಞೆಯನ್ನು ಪ್ರಶ್ನಿಸುವುದು ಹೇಗೆಂಬುದು ಆ ತೀರ್ಪಿನಿಂದ ಬಗೆಹರಿಯಲಿಲ್ಲ. ೨೦೨೫ರಲ್ಲಿ ಈ ಗೋಪ್ಯತೆಯನ್ನೂ ಬರೆದವನಿಗೆ ನೋಟೀಸು ಕೊಡದಿರುವುದನ್ನೂ ಪ್ರಶ್ನಿಸಿದ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯವು ಕೇಂದ್ರಸರ್ಕಾರಕ್ಕೆ ನೋಟೀಸು ಹೊರಡಿಸಿತು.

ಈ ತೊಡಕು ಸಂಪೂರ್ಣವಾಗಿ ಗೋಚರವಾದದ್ದು ಬೆಂಗಳೂರಿನಲ್ಲಿ. ೨೦೨೧ರ ಫೆಬ್ರುವರಿಯಿಂದ ೨೦೨೨ರ ಫೆಬ್ರುವರಿಯವರೆಗಿನ ಹತ್ತು ಆಜ್ಞೆಗಳ ಸಂಬಂಧದಲ್ಲಿ ಟ್ವಿಟರ್ ಕಂಪನಿಯು, ೩೯ ವಿಳಾಸಗಳ ಮಟ್ಟಿಗೆ, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ಹಾಕಿತು. ೨೦೨೩ರ ಜೂನ್ ೩೦ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿಯನ್ನು ವಜಾಮಾಡಿ, ಆಜ್ಞೆಗಳನ್ನು ಬಹುಕಾಲ ಪಾಲಿಸದಿದ್ದುದಕ್ಕಾಗಿ ಕಂಪನಿಗೆ ೫೦ ಲಕ್ಷ ರೂಪಾಯಿಗಳ ಖರ್ಚನ್ನು ವಿಧಿಸಿದರು. ಒಂದೊಂದು ಬರಹವನ್ನು ಮಾತ್ರವಲ್ಲದೆ ಇಡೀ ಖಾತೆಯನ್ನೇ ತಡೆಯುವ ಅಧಿಕಾರವೂ ಸರ್ಕಾರಕ್ಕೆ ಇದೆಯೆಂದು ತೀರ್ಮಾನಿಸಿದರು. ೧೯ನೆಯ ವಿಧಿಯ ಹಕ್ಕು ಪ್ರಜೆಗಳಿಗೆ ಸೇರಿದ್ದು, ವಿದೇಶಿ ಕಂಪನಿಯು ಅದನ್ನು ಕೋರಲಾರದೆಂದರು. ಅದೇ ತಿಂಗಳು, ಅದೇ ನ್ಯಾಯಮೂರ್ತಿಗಳು, ಸೌದಿ ಸೆರೆಮನೆಯಲ್ಲಿದ್ದ ಕನ್ನಡಿಗನ ಪ್ರಕರಣದಲ್ಲಿ ದಾಖಲೆಯನ್ನು ಹೊರತರುವಂತೆ ಇನ್ನೊಂದು ಕಂಪನಿಯನ್ನು ಒತ್ತಾಯಿಸಿದ್ದರೆಂಬುದನ್ನು ವಾಚಕರು ಗಮನಿಸಬೇಕು.

ನ್ಯಾಯಾಲಯದ ತೀರ್ಪನ್ನು ಗೌರವದಿಂದಲೇ ಓದಿದರೂ ನಮಗೆ ಒಂದು ಆಕ್ಷೇಪವುಳಿಯುತ್ತದೆ. ಕಂಪನಿಗೆ ಹಕ್ಕಿಲ್ಲ, ಹಕ್ಕಿರುವುದು ಪ್ರಜೆಗೆ ಎಂಬುದು ಸಂವಿಧಾನದ ದೃಷ್ಟಿಯಿಂದ ಸಮಂಜಸವೇ. ಆದರೆ ಬರೆದ ಪ್ರಜೆಗೆ ಆಜ್ಞೆಯ ಪ್ರತಿಯು ಹೋಗುವುದೆಂಬ ಖಾತರಿಯಿಲ್ಲ. ನಿಯಮದಲ್ಲಿ ನೋಟೀಸು ಬರೆದವನಿಗೆ ಅಥವಾ ಮಧ್ಯವರ್ತಿಗೆ ಎಂದಿದೆ. ವ್ಯವಹಾರದಲ್ಲಿ ಅದು ಮಧ್ಯವರ್ತಿಗೆ ಸಲ್ಲುತ್ತದೆ. ಹೀಗಿರಲಾಗಿ, ಆಜ್ಞೆಯನ್ನು ಕಂಡವನಿಗೆ ಹಕ್ಕಿಲ್ಲ, ಹಕ್ಕುಳ್ಳವನಿಗೆ ಆಜ್ಞೆಯು ಕಾಣದು. ವಿವಾದಕ್ಕೊಳಗಾದ ಆಜ್ಞೆಗಳನ್ನು ನ್ಯಾಯಾಲಯಕ್ಕೆ ಮೊಹರು ಮಾಡಿದ ಲಕೋಟೆಯಲ್ಲಿ ಸಲ್ಲಿಸಲಾಗಿದ್ದಿತು. ಆದುದರಿಂದ ಆ ದೀರ್ಘವಾದ ತೀರ್ಪನ್ನು ಮೊದಲಿಂದ ಕೊನೆಯವರೆಗೆ ಓದಿದವನಿಗೂ ಅಳಿಸಿದ ಬರಹಗಳ ಯುಕ್ತಾಯುಕ್ತತೆಯನ್ನು ತಾನೇ ತೂಗಿ ನೋಡುವ ಅವಕಾಶವಿಲ್ಲ. ತಾತಯ್ಯನವರ ವಾದವನ್ನೂ ಮಾಧವರಾಯರ ವಾದವನ್ನೂ ನಾವು ಇಂದು ತೂಗಬಲ್ಲೆವು. ಇಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಮುಚ್ಚಿವೆ.

ಆ ಮೇಲೆಯೂ ಪರಿಸ್ಥಿತಿ ಬಹಳ ಬದಲಾಗಲಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ‘ಸಹಯೋಗ್’ ಎಂಬ ಜಾಲತಾಣದ ಮೂಲಕ, ೬೯ಎ ಪ್ರಕರಣವನ್ನು ಬಿಟ್ಟು ೭೯ನೆಯ ಪ್ರಕರಣದ ಆಧಾರದ ಮೇಲೆ, ಕೇಂದ್ರ ರಾಜ್ಯಗಳ ಅಧಿಕಾರಿಗಳು ಕಂಪನಿಗಳಿಗೆ ಸೂಚನೆ ಕಳುಹಿಸತೊಡಗಿದರು. ಇದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ, ಎಂದರೆ ಹಿಂದಿನ ಟ್ವಿಟರಿನ, ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ೨೦೨೫ರ ಸೆಪ್ಟೆಂಬರ್ ೨೪ರಂದು ವಜಾಮಾಡಿದರು. ತರುವಾಯ ಕೇಂದ್ರವು ನಿಯಮವನ್ನು ತಿದ್ದಿ, ೨೦೨೫ರ ನವೆಂಬರ್ ೧೫ರಿಂದ ಇಂತಹ ಸೂಚನೆಗಳನ್ನು ಹಿರಿಯ ಅಧಿಕಾರಿಗಳೇ ಕಾರಣಸಹಿತವಾಗಿ ಕಳುಹಿಸಬೇಕೆಂದು ಮಾಡಿತು. ಇದು ಸ್ವಾಗತಾರ್ಹ. ಆದರೆ ಪ್ರಕಟಿಸಬೇಕೆಂಬ ಮಾತು ಅಲ್ಲಿಯೂ ಇಲ್ಲ.

ಇದ್ದ ಒಂದು ಖಾಸಗಿ ಆಕರವೂ ಬತ್ತಿಹೋಗಿದೆ. ತನಗೆ ಬಂದ ಅನೇಕ ಆಜ್ಞೆಗಳ ಪ್ರತಿಗಳನ್ನು ಟ್ವಿಟರ್ ಕಂಪನಿಯು ಹಾರ್ವರ್ಡಿನ ‘ಲ್ಯೂಮೆನ್’ ಎಂಬ ಸಂಗ್ರಹಕ್ಕೆ ಕಳುಹಿಸುತ್ತಿತ್ತು. ೨೦೨೩ರ ಏಪ್ರಿಲಿನಿಂದ ಆ ಪದ್ಧತಿಯು ನಿಂತಿತು. ನಮ್ಮ ಸರ್ಕಾರದ ಆಜ್ಞೆಯ ಪ್ರತಿಯನ್ನು ನೋಡಲು ನಾವು ಅಮೆರಿಕದ ವಿಶ್ವವಿದ್ಯಾನಿಲಯವನ್ನು ಆಶ್ರಯಿಸಬೇಕಾಗಿದ್ದುದೇ ವಿಚಿತ್ರ. ಅದೂ ಒಬ್ಬ ವ್ಯಾಪಾರಿಯ ಇಚ್ಛೆಯನ್ನು ಅವಲಂಬಿಸಿದ್ದುದು ಇನ್ನೂ ವಿಚಿತ್ರ.

೬

ಗೋಪ್ಯತೆಯ ಪರವಾಗಿ ಹೇಳಬಹುದಾದ ಮಾತುಗಳನ್ನು ನಾವು ಕಡೆಗಣಿಸಲಾಗದು. ನಿಷಿದ್ಧ ಪುಟದ ವಿಳಾಸವನ್ನು ಪ್ರಕಟಿಸಿದರೆ ಅದಕ್ಕೆ ಜಾಹೀರಾತು ಕೊಟ್ಟಂತಾಗುವುದೆಂಬುದು ಮೊದಲನೆಯ ವಾದ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳ ವಿಷಯದಲ್ಲಿ ಇದು ಸಂಪೂರ್ಣವಾಗಿ ಸರಿ. ಭಯೋತ್ಪಾದಕರ ಸಂದೇಶಗಳ ವಿಷಯದಲ್ಲಿಯೂ ಸ್ವಲ್ಪಕಾಲ ಗೋಪ್ಯತೆ ಅಗತ್ಯವಾಗಬಹುದು. ಗಲಭೆಯ ನಡುವೆ ಸುಳ್ಳು ಸುದ್ದಿ ಹಬ್ಬುತ್ತಿರುವಾಗ ಅಧಿಕಾರಿಯು ವಿಳಂಬಮಾಡಲಾರನೆಂಬುದು ಎರಡನೆಯ ವಾದ. ಇದೂ ಗ್ರಾಹ್ಯವೇ. ಆದರೆ ಈ ವಾದಗಳು ಕೆಲವು ಬಗೆಯ ಬರಹಗಳಿಗೆ, ಕೆಲವು ಕಾಲಕ್ಕೆ ಮಾತ್ರ ಅನ್ವಯಿಸುತ್ತವೆ. ೧೬ನೆಯ ನಿಯಮವಾದರೋ ಎಲ್ಲ ಬರಹಗಳಿಗೂ, ಅವಧಿಯಿಲ್ಲದೆ, ಒಂದೇ ಮುಸುಕನ್ನು ಹಾಕುತ್ತದೆ. ವ್ಯಂಗ್ಯಚಿತ್ರಕ್ಕೂ ಬಾಂಬು ತಯಾರಿಕೆಯ ಸೂಚನೆಗೂ ಅಲ್ಲಿ ವ್ಯತ್ಯಾಸವಿಲ್ಲ.

ಪ್ರಕಟಿಸಿದರೆ ಆಡಳಿತವು ಕುಸಿಯುವುದಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಮಾಣವಿದೆ. ಇಡೀ ಪ್ರದೇಶದ ಅಂತರ್ಜಾಲವನ್ನು ನಿಲ್ಲಿಸುವ ಆಜ್ಞೆಗಳು ಇನ್ನೊಂದು ಬಗೆಯವು. ೨೦೧೯ರ ಡಿಸೆಂಬರ್ ೧೯ರಂದು ಮಂಗಳೂರಿನಲ್ಲಿ ಗೋಲಿಬಾರು ನಡೆದು ಇಬ್ಬರು ಸತ್ತ ರಾತ್ರಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಅಂತರ್ಜಾಲವನ್ನು ೪೮ ಗಂಟೆಗಳ ಕಾಲ ನಿಲ್ಲಿಸಲಾಯಿತು. ಆ ಮರುತಿಂಗಳೇ, ೨೦೨೦ರ ಜನವರಿ ೧೦ರಂದು, ಕಾಶ್ಮೀರಕ್ಕೆ ಸಂಬಂಧಿಸಿದ ಅನುರಾಧಾ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ವಿಧಿಸಿತು. ೨೦೨೪ರ ದೂರಸಂಪರ್ಕ ನಿಯಮಗಳಲ್ಲಿಯೂ ಪ್ರಕಟಣೆಯ ಮಾತು ಸೇರಿತು. ಪಾಲನೆ ಎಲ್ಲೆಡೆಯೂ ಸಮನಾಗಿಲ್ಲವೆಂಬುದು ನಿಜ. ಆದರೂ ತತ್ತ್ವವು ಅಂಗೀಕೃತವಾಗಿದೆ. ಗೂಡಿನ ಹರಾಜೂ ಹಣದ ಪಾವತಿಯೂ ಅಂತರ್ಜಾಲದ ಮೇಲೆಯೇ ನಿಂತಿರುವ ರಾಮನಗರದಂತಹ ಮಾರುಕಟ್ಟೆಯ ಊರಿನಲ್ಲಿ, ಸಂಪರ್ಕ ಕಡಿದರೆ ಯಾರು ಏಕೆ ಕಡಿದರೆಂದು ರೈತನು ಆಜ್ಞೆಯನ್ನು ತೋರಿಸಿ ಕೇಳಬಹುದು. ಇಡೀ ಜಿಲ್ಲೆಯನ್ನು ಮೌನಗೊಳಿಸುವ ಆಜ್ಞೆಯನ್ನೇ ಪ್ರಕಟಿಸಬಹುದಾದರೆ ಒಂದು ಬರಹವನ್ನು ತಡೆಯುವ ಆಜ್ಞೆಯನ್ನು ಶಾಶ್ವತವಾಗಿ ಬಚ್ಚಿಡಲು ಕಾರಣವೇನು?

ಮುಂದೆ ಎಂದಾದರೂ ಪತ್ರಾಗಾರಕ್ಕೆ ಬಂದಾಗ ನೋಡಬಹುದಲ್ಲ ಎಂದು ಸಮಾಧಾನ ಹೇಳುವವರುಂಟು. ೧೯೯೩ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಮೂವತ್ತು ವರ್ಷ ಮೀರಿದ ದಾಖಲೆಗಳನ್ನು ಸಂಶೋಧಕರಿಗೆ ತೆರೆಯುವ ಮಾತನ್ನಾಡುವುದು ಗೋಪ್ಯವೆಂದು ವರ್ಗೀಕರಿಸದ ದಾಖಲೆಗಳಿಗೆ ಮಾತ್ರ. ಮಿಗಿಲಾಗಿ, ಆಜ್ಞೆಯ ಕಡತವು ಎಂದೋ ಒಂದು ದಿನ ತೆರೆದರೂ, ಆಜ್ಞೆಗೆ ಗುರಿಯಾದ ಬರಹವು ಅಷ್ಟು ಕಾಲ ಯಾವ ಕಂಪನಿಯ ಯಂತ್ರದಲ್ಲಿ ಉಳಿದಿದ್ದೀತು? ಕಲ್ಲು ಇರುವುದಿಲ್ಲ, ಉಳಿಯ ಗುರುತೂ ಇರುವುದಿಲ್ಲ.

೭

ಇಲ್ಲಿಯವರೆಗಿನ ವಿಚಾರವನ್ನು ಸಂಗ್ರಹಿಸಬಹುದು. ಶಿಕ್ಷೆಯ ಕ್ರೌರ್ಯದಿಂದ ಅಳೆದರೆ ಕೊಲ್ಲಿ ರಾಷ್ಟ್ರಗಳ ಪದ್ಧತಿಯು ನಮ್ಮದಕ್ಕಿಂತ ಬಹಳ ಕಠೋರವಾದುದು. ಅಲ್ಲಿ ಇಲ್ಲದ ಸಂವಿಧಾನದ ರಕ್ಷೆ, ಸ್ವತಂತ್ರ ನ್ಯಾಯಾಲಯ, ಪ್ರಶ್ನಿಸುವ ಪತ್ರಿಕೆ ನಮ್ಮಲ್ಲಿವೆ. ಅಧಿಕಾರದ ವ್ಯಾಪ್ತಿಯಿಂದ ಅಳೆದರೆ ೧೯೦೮ರ ಮೈಸೂರು ಕಾಯಿದೆಯು ಇಂದಿನದಕ್ಕಿಂತ ಕೆಟ್ಟದ್ದು. ಆದರೆ ಅಳಿಸಿದ ಗುರುತನ್ನು ಉಳಿಸುವ ವಿಷಯದಲ್ಲಿ ಇಂದಿನ ೧೬ನೆಯ ನಿಯಮವು ದಿವಾನರ ಕಾಯಿದೆಗಿಂತಲೂ ಸೌದಿಯ ನಿರ್ಬಂಧಪುಟಕ್ಕಿಂತಲೂ ಹಿಂದೆ ಬಿದ್ದಿದೆ. ಈ ಒಂದು ವಿಷಯದಲ್ಲಿ ನಾವು ನೆರೆಯವರನ್ನು ನೋಡಿ ಸಮಾಧಾನಪಡುವ ಸ್ಥಿತಿಯಲ್ಲಿಲ್ಲ.

ಪರಿಹಾರವು ಅಸಾಧ್ಯವೇನೂ ಅಲ್ಲ. ಪ್ರತಿಯೊಂದು ಆಜ್ಞೆಗೂ ಒಂದು ಕ್ರಮಸಂಖ್ಯೆ, ದಿನಾಂಕ, ಆಧಾರವಾದ ಪ್ರಕರಣ, ಕಾರಣದ ಸಾರಾಂಶ, ಇಷ್ಟನ್ನು ಸಾರ್ವಜನಿಕ ರಿಜಿಸ್ಟರಿನಲ್ಲಿ ಬರೆಯಬಹುದು. ವಿಳಾಸವನ್ನು ಬಿಡಬೇಕಾದಲ್ಲಿ ಬಿಡಲಿ. ತಡೆದ ಪುಟದ ಸ್ಥಳದಲ್ಲಿ ಆ ಕ್ರಮಸಂಖ್ಯೆಯಾದರೂ ಕಾಣಲಿ. ಬರೆದವನು ಯಾರೆಂದು ತಿಳಿದಿರುವಲ್ಲಿ ಅವನಿಗೆ ಪ್ರತಿಯು ತಲುಪಲಿ. ತಡೆದ ಬರಹದ ಒಂದು ಪ್ರತಿಯನ್ನು ಮೊಹರು ಮಾಡಿ ಪತ್ರಾಗಾರದಲ್ಲಿಟ್ಟು, ನಿಗದಿಯಾದ ಅವಧಿ ಮುಗಿದ ಮೇಲೆ, ಮಕ್ಕಳ ಮೇಲಿನ ದೌರ್ಜನ್ಯದಂತಹವನ್ನು ಬಿಟ್ಟು, ಉಳಿದವನ್ನು ತೆರೆಯಲಿ. ಸರ್ಕಾರವು ತಡೆಯುವ ಅಧಿಕಾರವನ್ನು ಕಳೆದುಕೊಳ್ಳದೆಯೇ ಇದನ್ನೆಲ್ಲ ಮಾಡಬಹುದು.

ಅಲ್ಲಿಯವರೆಗೆ ನಮ್ಮ ಕೈಲಾದ ಕೆಲಸವೊಂದಿದೆ. ಸ್ಥಳೀಯ ಚರಿತ್ರೆಯನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಅಂತರ್ಜಾಲದ ಬರಹವನ್ನೋ ಚಿತ್ರವನ್ನೋ ಆಕರವಾಗಿ ಬಳಸುವಾಗ ಅದರ ವಿಳಾಸ, ಪ್ರಕಟವಾದ ದಿನ, ತಾವು ನೋಡಿದ ದಿನ, ಇವನ್ನು ಬರೆದು ಪ್ರತಿಯೊಂದನ್ನು ತೆಗೆದಿಡಬೇಕು. ಮತ್ತೆ ಹೋದಾಗ ಅದು ಅಲ್ಲಿಲ್ಲದಿದ್ದರೆ ಆ ಸಂಗತಿಯನ್ನೂ ದಿನಾಂಕಸಹಿತ ಬರೆಯಬೇಕು. ಅದನ್ನು ಹಾಕಿದವನೇ ತೆಗೆದನೋ, ಕಂಪನಿ ತೆಗೆಯಿತೋ, ಸರ್ಕಾರ ತೆಗೆಯಿಸಿತೋ ಎಂಬುದು ಇಂದಿನ ನಿಯಮದಲ್ಲಿ ನಮಗೆ ತಿಳಿಯದೆ ಹೋಗಬಹುದು. ಆದರೂ ಇಲ್ಲಿ ಇಂತಹುದೊಂದು ಇದ್ದಿತೆಂಬ ಚುಕ್ಕೆಯನ್ನು ಇಡುವುದು ನಮ್ಮ ಕರ್ತವ್ಯ. ತ್ರುಟಿತ ಭಾಗವನ್ನು ಊಹೆಯಿಂದ ತುಂಬುವುದು ಎಷ್ಟು ದೋಷವೋ, ತ್ರುಟಿಯೇ ಇಲ್ಲವೆಂಬಂತೆ ಸಾಲುಗಳನ್ನು ಕೂಡಿಸಿ ಓದುವುದೂ ಅಷ್ಟೇ ದೋಷ.